ಉಸಿರು ಬಿಡದ ಮಾಮಾ

ತೊಂಬತ್ತರ ದಶಕದ ಕೊನೆಗೆ, ರಾಯಬಾಗದ ನನ್ನ ಅಂಗಡಿಯಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧ ಜೋರಾಗಿ ಖರ್ಚಾಯಿತೆಂದು ಕಂಪನಿಯವರು ಲಕ್ಷದ್ವೀಪದ ರೆಸಾರ್ಟಿಗೆ ಎರಡು ಟಿಕೆಟ್ ಕೊಟ್ಟರು. "ಸುತ್ತ ನೀರ ಐತಿ, ನಡುವ ನಂದೇನ ಕೆಲಸ?" ಎಂದು ಹೆಂಡತಿ ಬರಲಿಲ್ಲ. ದಿಗ್ಗೇವಾಡಿಯ ನನ್ನ ಸೋದರಮಾವ ಸಿದ್ದು ಮಾಮಾ ಹೊರಟರು. ಊರಲ್ಲಿ ಯಾರ ಬಾವಿಗೆ ಕೊಡ ಬಿದ್ದರೂ ಮುಳುಗಿ ತೆಗೆಯುವವರು ಅವರೇ. ನನಗೆ ಈಜೇ ಬಾರದು.

ಅಲ್ಲಿ ಡೈವಿಂಗ್ ಕಲಿಸುವ ಮಾಸ್ತರ ನಮ್ಮ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಅದರ ನಳಿಕೆ ಬಾಯಿಗೆ ಕೊಡುವ ಮೊದಲು ಹಿಂದಿಯಲ್ಲಿ, "ನೀರೊಳಗೆ ಉಸಿರು ಹಿಡಿಯಲೇಬಾರದು. ಇದೇ ಮೊದಲ ನಿಯಮ" ಎಂದ.

ನಾನು ಅದನ್ನು ಕನ್ನಡದಲ್ಲಿ ತಿಳಿಸಿದಾಗ ಮಾಮಾ ನನ್ನ ಕಿವಿಯಲ್ಲಿ, "ಇವಗ ಈಜ ಬರ್ತೈತೇನಲೇ?" ಎಂದರು.

ಎದೆಮಟ್ಟದ ನೀರಲ್ಲಿ ಮೂವರೂ ಮುಳುಗಿದೆವು. ನಾನು ಹೆದರಿ ಬುಸಬುಸ ಗುಳ್ಳೆ ಬಿಡುತ್ತಿದ್ದೆ. ಮಾಮಾ ಮರಳಿನ ಮೇಲೆ ಕಲ್ಲಿನಂತೆ ಕೂತು ಹಳದಿ ಮೀನು ನೋಡುತ್ತಿದ್ದರು. ಅವರ ಬಾಯಿಂದ ಒಂದೂ ಗುಳ್ಳೆ ಬರಲಿಲ್ಲ. ಮಾಸ್ತರ ಗಾಬರಿಯಾಗಿ ಅವರನ್ನು ದಂಡೆಗೆ ಎಳೆದುತಂದು ಎದೆ ಒತ್ತತೊಡಗಿದ.

"ಕೈ ತಗೀಲೇ!" ಮಾಮಾ ಎದ್ದು ಕೂತರು. "ಮೀನ ನೋಡಾಕತ್ತಿದ್ನಿ."

"ಉಸಿರು ಯಾಕೆ ಆಡಲಿಲ್ಲ?" ಮಾಸ್ತರನಿಗೆ ಅಳುವೇ ಬಂದಿತ್ತು. ಅದನ್ನೇ ನಾನು ಮಾಮಾರಿಗೆ ಕನ್ನಡದಲ್ಲಿ ಕೇಳಿದೆ.

"ನಮ್ಮ ಬಾವ್ಯಾಗ ಮುಳುಗಿ ಉಸಿರಾಡಾಕ ಹೋದವ್ರು ಯಾರೂ ಮ್ಯಾಲ ಬಂದಿಲ್ಲಂತ ಹೇಳಲೇ ಇವಗ."

ಅದನ್ನು ಹಿಂದಿಯಲ್ಲಿ ಹೇಳಲು ನನಗೆ ಧೈರ್ಯವಾಗಲಿಲ್ಲ. ಸಂಜೆ ಸರ್ಟಿಫಿಕೇಟ್ ಕೊಡುವಾಗ, ನಿಯಮ ಮುರಿದರೆಂದು ಮಾಮಾರನ್ನು ಫೇಲು ಮಾಡಿದರು. ನಾನು ಪಾಸಾದೆ. ಹುಟ್ಟಿದಾಗಿನಿಂದ ಉಸಿರಾಡುತ್ತಲೇ ಇದ್ದೇನೆ; ಅದಕ್ಕೊಂದು ಸರ್ಟಿಫಿಕೇಟ್ ಸಿಕ್ಕಿದ್ದು ಅದೇ ಮೊದಲು.