ತಣ್ಣಗಾದ ಭಟ್ಟಿಯ ಲೆಕ್ಕ

ನಾನೀಗ ಇರುವ ವಾಡಿ ಊರಿನಲ್ಲಿ ಪಕ್ಕದ ಮನೆಯವರು ಇವತ್ತು ಬೆಳಿಗ್ಗೆ ಡ್ರಮ್ಮಿಗೆ ಸುಣ್ಣ ಹಾಕಿ ನೀರು ಸುರಿದರು. ಆ ಬಿಸಿ ವಾಸನೆ ಗಂಟಲು ಹಿಡಿಯಿತು. ಸರ್ ನೆನಪಾದರು. ಅಥವಾ ಸರ್ ಎಂದು ನಾನು ಕೂಡಿಸಿಟ್ಟುಕೊಂಡಿರುವ ಯಾರೋ...

ಶಹಾಬಾದಿನಲ್ಲಿ ಅವರು ರಸಾಯನಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದರು. ಬೋರ್ಡ್ ಇರಲಿಲ್ಲ, ಪಡಸಾಲೆಯ ಹಾಸುಗಲ್ಲೇ ಪಾಟಿ. ಕುಕ್ಕರುಗಾಲಿನಲ್ಲಿ ಹಿಂದೆ ಸರಿಯುತ್ತ ಬರೆಯಬೇಕು. ಲೆಕ್ಕ ಉದ್ದವಾದರೆ ಬಾಗಿಲು ಮುಟ್ಟುತ್ತಿದ್ದೆವು.

ಅವತ್ತು ಸುಣ್ಣದಕಲ್ಲು ಸುಟ್ಟು ಸುಣ್ಣ ಮತ್ತು ಇಂಗಾಲದ ಡೈಆಕ್ಸೈಡ್ ಆಗುವ ಲೆಕ್ಕ. ಸಮತೋಲನ ಸ್ಥಿರಾಂಕದಲ್ಲಿ ನಾನು ಕಲ್ಲನ್ನೂ ಸೇರಿಸಿದ್ದೆ. ಸರ್ ಒದ್ದೆ ಬಟ್ಟೆಯಿಂದ ಒರೆಸಿದರು.

"ಕಲ್ಲು, ಸುಣ್ಣ ಲೆಕ್ಕಕ್ಕ ಬರಂಗಿಲ್ಲ. ಗ್ಯಾಸಿನ ಆಂಶಿಕ ಒತ್ತಡ ಅಷ್ಟೇ ಸ್ಥಿರಾಂಕ."

ನನ್ನನ್ನು ಕರೆಯಲು ಬಂದಿದ್ದ ಕಾಕಾ ಬಾಗಿಲಲ್ಲಿ ನಿಂತಿದ್ದ. ಅಪ್ಪನ ತಮ್ಮ, ಸುಣ್ಣದ ಭಟ್ಟಿಯಲ್ಲಿ ದುಡಿಯುವವನು.

"ಕಲ್ಲೇ ಲೆಕ್ಕಕ್ಕಿಲ್ಲಂದ್ರ ನಮ್ಮೂರಾಗ ಏನ್ ಉಳೀತ್ರಿ ಸರ?" ಎಂದು ನಕ್ಕ. ಆಮೇಲೆ ಕೇಳಿದ: "ಭಟ್ಟಿ ಆರಿ ಮೂರು ದಿನ ಆತ್ರಿ. ನಾಳಿಗಿ ಒಳಗಿಳಿದು ಬೂದಿ ತೆಗೀಬೇಕು. ಗ್ಯಾಸ್ ಇರ್ತದೇನ್ರಿ?"

ತಣ್ಣಗಾದ ಉಷ್ಣತೆಗೆ ಲೆಕ್ಕ ಹಾಕಲು ಸರ್ ನನಗೆ ಹೇಳಿದರು. ಸುಡುವಾಗ ಸುಮಾರು ಒಂದು ವಾತಾವರಣದಷ್ಟಿದ್ದ ಗ್ಯಾಸಿನ ಒತ್ತಡ, ದಶಮಾಂಶ ಬಿಂದುವಿನಾಚೆ ಇಪ್ಪತ್ತೆರಡು ಸೊನ್ನೆಗಳಿಗೆ ಇಳಿಯಿತು. ಏನೂ ಇರಂಗಿಲ್ಲ ಎಂಬ ಮಾತು ಬಂತು. ಕಾಕಾ ನಂಬಿದ.

ಮರುದಿನ ಇಳಿದ. ಗ್ಯಾಸ್ ತಳದಲ್ಲೇ ನಿಂತಿತ್ತು. ಹೆಣವನ್ನು ಹಗ್ಗ ಹಾಕಿ ಎಳೆದರು.

ಸರ್ ನಮ್ಮ ಮನೆವರೆಗೆ ಬಂದರು, ಒಳಗೆ ಬರಲಿಲ್ಲ. ನನಗಷ್ಟೇ ಹೇಳಿದರು: "ಲೆಕ್ಕ ತಪ್ಪಿಲ್ಲ. ಕಡೀಗಿ ಸುಣ್ಣ ಆ ಗ್ಯಾಸ್ ನುಂಗಿ ಮತ್ತ ಕಲ್ಲಾಗ್ತದ. ಎಷ್ಟು ವರ್ಷಕ್ಕ ಅಂತ ಸ್ಥಿರಾಂಕ ಹೇಳಂಗಿಲ್ಲ. ಅದನ್ನ ನಾ ಹೇಳಬೇಕಿತ್ತು."

ಮಾಸ್ತರು ಇಳೀ ಅಂದ್ರಂತ, ಎಂದಿತು ಊರು. ಅವರು ಅಲ್ಲಗಳೆಯಲಿಲ್ಲ. ಟ್ಯೂಷನ್ ಮುಚ್ಚಿ ಸೇಡಂಗೆ ಹೋದರು.

ನೆನಪಿನಲ್ಲಿ ಆ ಮಾತು ಅವರ ಬಾಯಲ್ಲೇ ಇದೆ, ಕನ್ನಡಕದ ಸಮೇತ. ಅಷ್ಟು ಚೊಕ್ಕವಾಗಿರುವುದರಿಂದಲೇ ನಂಬಲಾರೆ. "ಏನೂ ಇರಂಗಿಲ್ಲ, ಇಳಿ ಕಾಕಾ..." ಸರ್ ಅವನನ್ನು ಕಾಕಾ ಎನ್ನುತ್ತಿರಲಿಲ್ಲ, ನಾನು ಎನ್ನುತ್ತಿದ್ದೆ.

ಹೋದ ವರ್ಷ ಸರ್ ತೀರಿಕೊಂಡರು. ಸೇಡಂನ ಮನೆಗೆ ಹೋಗಿದ್ದೆ. ನೀವು ಯಾರ್ರಿ ಎಂದಳು ಮಗಳು. ವಿದ್ಯಾರ್ಥಿ ಎಂದೆ.

"ಅಪ್ಪಾಜಿ ಭಾಳ ತಿಳದವ್ರು. ಒಬ್ಬರ ಜೀವ ಹೋಗೋ ಮಾತು ಹೆಂಗ ಆಡಿದ್ರೋ," ಎಂದಳು.

ನಾನು ಅವಳು ಕೊಟ್ಟ ನೀರು ಕುಡಿದು ಎದ್ದೆ.

ಸೇಡಂಗೆ ಇವತ್ತೂ ಬಸ್ಸಿದೆ. ಸರ್ ಇಲ್ಲ, ಮಗಳಿದ್ದಾಳೆ. ನಾನು ಮತ್ತೆ ಹೋಗಿಲ್ಲ.