ಹಂಪವ್ವ ತಂದ ಅಗ್ಗದ ಕಡಲೆ

ಯಲಬುರ್ಗಾದ ಹಂಪವ್ವ ಯಾವ ಸಾಮಾನನ್ನೂ ಹೇಳಿದ ಬೆಲೆಗೆ ಕೊಂಡವಳಲ್ಲ. ಕೊಂಡಳೆಂದು ಯಾರಾದರೂ ಹೇಳಿದರೆ ಅದು ಅವಳಿಗಾಗದವರ ಮಾತೆಂದೇ ತಿಳಿಯಬೇಕು. ಸಂತೆಯಲ್ಲಿ ಬದನೆಕಾಯಿ ಮಾರುವವರು ಅವಳು ದೂರದಲ್ಲಿ ಕಂಡೊಡನೆ ಬೆಲೆಯನ್ನು ಐದು ರೂಪಾಯಿ ಏರಿಸಿಕೊಂಡು ಕೂರುತ್ತಿದ್ದರು, ಹೇಗೂ ಇಳಿಸಲೇಬೇಕಲ್ಲ ಎಂದು. ಅವಳಿಗೂ ಅದು ಗೊತ್ತಿತ್ತು. ಹಾಗಾಗಿ ಅವಳು ಹತ್ತು ಇಳಿಸುತ್ತಿದ್ದಳು.

ಗಂಡ ಗೋಣೆಪ್ಪ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಹಂಪವ್ವ ಬಿತ್ತನೆಗೂ ಕಳೆಗೂ ಕೂಲಿಗೆ ಹೋಗುತ್ತಿದ್ದಳು. ಒಬ್ಬಳೇ ಮಗಳು ರೇಣುಕಾಳನ್ನು ಗಂಗಾವತಿಗೆ ಕೊಟ್ಟಿದ್ದರು. ಉಂಡು ಉಡುವುದಕ್ಕೆ ಅವರಿಗೆ ಕೊರತೆ ಇರಲಿಲ್ಲ. ಆದರೂ ಅಗ್ಗದ ಸಾಮಾನು ಎಲ್ಲೋ ಇದೆ, ಅದನ್ನು ಯಾರೋ ಹೊತ್ತೊಯ್ಯುತ್ತಿದ್ದಾರೆ ಎಂದರೆ ಹಂಪವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅವಳನ್ನು ಹಿಡಿಯುವವರೇ ಇಲ್ಲವಾಯಿತು. ಕೊಪ್ಪಳದಲ್ಲಿ ಅಂಗಡಿ ಮುಚ್ಚುವವರ ಬಳಿ ಸ್ಟೀಲ್ ಪಾತ್ರೆ, ಗಂಗಾವತಿಯ ಅಕ್ಕಿ ಮಿಲ್ಲಿನ ಬಾಗಿಲಲ್ಲಿ ನುಚ್ಚಕ್ಕಿ, ಕುಷ್ಟಗಿಯಲ್ಲಿ ಸಂಜೆ ಉಳಿದ ಟೊಮೆಟೊ, ಕಿನ್ನಾಳದಲ್ಲಿ ಮೂಗಿನ ಬಣ್ಣ ಹಾರಿದ್ದಕ್ಕೆ ಕಾಲುಬೆಲೆಗೆ ಸಿಕ್ಕ ಗೊಂಬೆ. ಓಣಿಯ ಎಂಟು ಮನೆಯವರು ಚೀಲ ಕೊಟ್ಟು ಕಳಿಸುತ್ತಿದ್ದರು. ಅವಳು ಒಬ್ಬರಿಂದಲೂ ಚಹದ ಕಾಸು ಕೂಡ ತೆಗೆದುಕೊಂಡವಳಲ್ಲ. "ಹಂಪವ್ವ ತಂದಾಳಂದ್ರ ಎರಡ್ ಮಾತಿಲ್ಲ ಬಿಡ್ರಿ" ಎಂದು ಅವರು ಹೇಳಿದರೆ ಸಾಕು, ಅವಳ ಹೊಟ್ಟೆ ತುಂಬುತ್ತಿತ್ತು. ಅವಳನ್ನು ಕೆಡಿಸಿದ್ದು ಅದೇ ಮಾತು.

ರೇಣುಕಾಳಿಗೆ ಏಳು ತಿಂಗಳಾದಾಗ ತವರಿನಲ್ಲಿ ಕುಬುಸ ಮಾಡುವುದೆಂದಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೆಂಗಸರೆಲ್ಲ ಸೇರಿ ಬಾಯಿಗೆ ತುತ್ತಿಡುವ ದಿನ. ಗಂಗಾವತಿಯಿಂದ ಬೀಗತಿ ಅನುಸೂಯಾ ಟೆಂಪೋ ತುಂಬ ಜನ ಕಟ್ಟಿಕೊಂಡು ಬರುವವಳಿದ್ದಳು. ಕಾಲುವೆ ನೀರಿನ ಗದ್ದೆಯವರು, ಕೈ ಬಿಟ್ಟು ಖರ್ಚು ಮಾಡುವ ಮಂದಿ. ಮದುವೆಯಾದ ಹೊಸತರಲ್ಲೇ ಆಕೆ ಸೊಸೆಗೆ, "ನಿಮ್ಮವ್ವ ಉಪ್ಪನ್ನೂ ತೂಗಿ ತಿನ್ನಾಕಿ" ಎಂದಿದ್ದಳಂತೆ. ರೇಣುಕಾ ಅದನ್ನು ಫೋನಿನಲ್ಲಿ ನಗುತ್ತ ಹೇಳಿದ್ದಳು. ಹಂಪವ್ವ ನಕ್ಕಿರಲಿಲ್ಲ.

ಹೋಳಿಗೆ ಎಲ್ಲರಿಗೂ ತಿಂದು ಮಿಗಬೇಕು, ಬೀಗರಿಗೆ ಬುತ್ತಿ ಕಟ್ಟಿಕೊಡುವಷ್ಟು ಆಗಬೇಕು, ಮತ್ತು ಅದು ಅಗ್ಗಕ್ಕೇ ಆಗಬೇಕು. ಈ ಹಟ ತಲೆಯಲ್ಲಿಟ್ಟುಕೊಂಡು ಹಂಪವ್ವ ಕಡಲೆಬೇಳೆಗಾಗಿ ಊರೂರು ಅಲೆದಳು. ಎಲ್ಲಿ ಕೇಳಿದರೂ ಬೇಳೆಯ ಬೆಲೆ ನೂರರ ಹತ್ತಿರವೇ ಇತ್ತು.

ತಾವರಗೇರಾ ಸಂತೆಯ ಹಿಂಬದಿಯಲ್ಲಿ, ದನ ಕಟ್ಟುವ ಜಾಗದ ಆಚೆ, ಗಾದಿಲಿಂಗಪ್ಪನೆಂಬ ಒಬ್ಬ ತಾಡಪತ್ರಿ ಹಾಸಿ ಕೂತಿದ್ದ. ಮುಂದೆ ಇಡೀ ಕಡಲೆಯ ಎರಡು ಚೀಲ. ಚೀಲಗಳನ್ನು ಒಳಮೈ ಹೊರಗೆ ಮಾಡಿ ಹೊಲಿದಿದ್ದ. ಒಳಗಿನಿಂದ ಕೆಂಪು ಅಕ್ಷರಗಳು ತಿರುಗುಮುರುಗಾಗಿ ಮಸುಕಾಗಿ ಕಾಣುತ್ತಿದ್ದವು. ಅವನು ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ.

"ಏನ್ ರೇಟು?" ಎಂದಳು ಹಂಪವ್ವ.

"ಕಿಲೋಕ್ಕ ನಲವತ್ತು."

ಅವಳು ಒಂದು ಹಿಡಿ ಎತ್ತಿ ನೋಡಿದಳು. ಕಾಳಿನ ಸುಕ್ಕಿನಲ್ಲಿ ಗುಲಾಬಿ ಪುಡಿ ಕೂತಿತ್ತು. ಬೆರಳಿಗೂ ಹತ್ತಿತು. ಮೂಗಿನ ಹತ್ತಿರ ತಂದರೆ ಔಷಧದ ವಾಸನೆ.

"ಬಿತ್ತನಿ ಬೀಜ ಹೌದಲ್ಲೋ ಇದು?"

"ಗೊತ್ತಿದ್ದಾಕಿ ಯಾಕ ಕೇಳ್ತೀಬೇ? ಬಿತ್ತನಿ ಮುಗೀತು, ಮಾಲು ಉಳೀತು."

"ತಿನ್ನಾಕ ಬರ್ತೈತೇನು?"

ಗಾದಿಲಿಂಗಪ್ಪ ಮುಖ ಆಚೆ ತಿರುಗಿಸಿದ. "ತಿನ್ರಿ ಅಂತ ನಾ ಅಂದಿಲ್ಲ. ತಿನ್ನಬ್ಯಾಡ್ರಿ ಅಂತನೂ ಅಂದಿಲ್ಲ. ಕೊಳ್ಳೂದಿದ್ರ ಕೊಳ್ಳು, ಇಲ್ಲಾಂದ್ರ ಮುಂದ ಹೋಗು."

ಬೇರೆ ಯಾರಾದರೂ ಅಲ್ಲಿಂದ ಎದ್ದು ಹೋಗುತ್ತಿದ್ದರು. ಹಂಪವ್ವನಿಗೆ ಕೇಳಿಸಿದ್ದು ಒಂದೇ: ಮಾರುವವನಿಗೆ ಮಾಲು ಕಳೆದುಕೊಳ್ಳುವ ಅವಸರವಿದೆ. "ಇಪ್ಪತ್ತೈದಕ್ಕ ಹಾಕು" ಎಂದಳು. ಅವನು ಮರುಮಾತಿಲ್ಲದೆ ತಕ್ಕಡಿ ಎತ್ತಿದ. ಮೂವತ್ತು ವರ್ಷದ ಸಂತೆಯಲ್ಲಿ ಅವಳ ಮೊದಲ ಮಾತಿಗೇ ಒಪ್ಪಿದ ಮಾರಾಟಗಾರ ಇವನೊಬ್ಬನೇ. ಆಗಲಾದರೂ ಅವಳು ಹೆದರಬೇಕಿತ್ತು. ಹತ್ತು ಕಿಲೋ ತೂಗಿಸಿಕೊಂಡಳು.

ಅವಳು ತಿಳಿಯದವಳೇನಲ್ಲ. ಆ ಪುಡಿ ಹುಳ ಹತ್ತದಿರಲೆಂದು ಬೀಜಕ್ಕೆ ಹಚ್ಚುವ ವಿಷವೆಂದು ಬಲ್ಲಳು. ಆದರೆ ಪ್ರತಿ ಹಿಂಗಾರಿಗೂ ಅದೇ ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು, ಬರಿಗೈಯಲ್ಲಿ ಎರೆಹೊಲಕ್ಕೆ ಬಿಟ್ಟವಳು ಅವಳು. ಮಧ್ಯಾಹ್ನ ಸೀರೆಗೆ ಕೈ ಒರೆಸಿಕೊಂಡು ರೊಟ್ಟಿ ತಿಂದವಳು. ಇಪ್ಪತ್ತು ವರ್ಷದಲ್ಲಿ ಒಂದು ತಲೆನೋವೂ ಬಂದಿರಲಿಲ್ಲ. ತೊಳೆದರೆ ಹೋಗುವ ಬಣ್ಣಕ್ಕೆ ಅಂಜಿ ನೂರು ರೂಪಾಯಿ ಕೊಡುವವರು ದಡ್ಡರು ಎಂದು ಅವಳು ನಿಜವಾಗಿ ನಂಬಿದ್ದಳು. ಈ ಸೀಮೆಯಲ್ಲಿ ಬಿತ್ತಿದ ಕೈಗಳಿಗೆ ಆ ಧೈರ್ಯ ತಾನಾಗಿ ಬಂದುಬಿಡುತ್ತದೆ.

ಮನೆಯ ಹಿಂದೆ ಕೂತು ತೊಳೆದಳು. ಮೊದಲ ನೀರು ಕೆಂಪಗೆ ಹರಿಯಿತು. ಎರಡನೆಯದೂ ಹಾಗೇ. ಏಳನೆಯದು ತಿಳಿಯಾಯಿತು. ಪಕ್ಕದ ಮನೆಯ ತಾಜಬೀ ಗೋಡೆಯ ಮೇಲಿಂದ ಇಣುಕಿ, "ಏನಬೇ ಅದು, ನೀರು ಹಿಂಗ್ಯಾಕ ಕೆಂಪ?" ಎಂದಳು.

"ಚೀಲದ ಬಣ್ಣ ಬಿಟ್ಟೈತಿ" ಎಂದಳು ಹಂಪವ್ವ, ತಲೆ ಎತ್ತದೆ.

ಕಾಳನ್ನು ಮಾಳಿಗೆಯ ಮೇಲೆ ಹರವಿದಳು. ಜೋಳ ಹರವಿದರೆ ಸಾಕು, ಓಣಿಯ ಗುಬ್ಬಿ ಬೆಳವಗಳೆಲ್ಲ ಬಂದು ಇಳಿಯುತ್ತಿದ್ದವು. ಈ ಸಲ ಎರಡು ದಿನ ಒಂದೂ ಇಳಿಯಲಿಲ್ಲ. ಕಾಯುವ ಕೆಲಸ ತಪ್ಪಿತೆಂದು ಅವಳು ಸಮಾಧಾನಪಟ್ಟಳು.

ಗಿರಣಿಯಲ್ಲಿ ಒಡೆಸಿದಾಗ ಬೇಳೆ ಬಂಗಾರದ ಬಣ್ಣದ್ದಾಗಿ ಬಂತು. ಹೊಟ್ಟು ಮಾತ್ರ ಇನ್ನೂ ಸ್ವಲ್ಪ ಗುಲಾಬಿಯಾಗಿತ್ತು. ವಿಷ ಇದ್ದರೂ ಸಿಪ್ಪೆಯ ಜೊತೆ ಹೋಯಿತಲ್ಲ ಎಂದುಕೊಂಡಳು. ಆದರೂ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಒಂದು ಹಿಡಿ ಬೇಳೆ ಬೇಯಿಸಿ, ಗಂಡನಿಗೂ ಕೊಡದೆ ತಾನೊಬ್ಬಳೇ ತಿಂದು ನೋಡಿದಳು. ಸಂಜೆಗೆ ಸ್ವಲ್ಪ ತಲೆ ಸುತ್ತಿತು. ಬಿಸಿಲಿನದೆಂದು ಮಲಗಿದಳು. ಮರುದಿನ ಎದ್ದು ಕಸ ಹೊಡೆದಾಗ ಎಲ್ಲ ಸರಿಯಾಗಿತ್ತು. ಅಲ್ಲಿಗೆ ಆ ಮಾತು ಮುಗಿಯಿತು.

ಹೊಟ್ಟನ್ನು ಸುಮ್ಮನೆ ಚೆಲ್ಲುವ ಹೆಂಗಸೂ ಅವಳಲ್ಲ. ತಾಜಬೀಯ ಆಡು ಗಬ್ಬವಾಗಿತ್ತು. ಅದಕ್ಕೆ ಒಂದು ಬುಟ್ಟಿ ಹೊಟ್ಟು ಕೊಟ್ಟು, ಈದ ಮೇಲೆ ಎಂಟು ದಿನ ಹಾಲು ಕೊಡಬೇಕೆಂದು ಮಾತು ಮಾಡಿಕೊಂಡಳು. ಮಗಳ ಬಾಣಂತನಕ್ಕೆ ಬೇಕಾಗುತ್ತದೆ ಎಂದು ಅವಳ ಲೆಕ್ಕ.

ಕುಬುಸದ ದಿನ ನಸುಕಿಗೇ ಒಲೆ ಹೊತ್ತಿತು. ಓಣಿಯ ಮೂವರು ಹೆಂಗಸರು ಹೋಳಿಗೆ ಬಡಿಯುತ್ತ ಕೂತರು. ಬಸುರಿಗಿಂತ ಮೊದಲು ಯಾರೂ ಬಾಯಿಗೆ ಹಾಕಬಾರದೆಂಬ ಕಟ್ಟಳೆ ಇತ್ತು. ಹಾಗಾಗಿ ಹೂರಣದ ಘಮಕ್ಕೆ ಬಾಯಲ್ಲಿ ನೀರೂರಿದರೂ ಎಲ್ಲರೂ ಬಾಯಿ ಕಟ್ಟಿಕೊಂಡೇ ಇದ್ದರು. ಎರಡು ದಿನ ಮೊದಲೇ ಬಂದಿದ್ದ ರೇಣುಕಾ ತಲೆಗೆ ಎಣ್ಣೆ ಹಚ್ಚಿಕೊಂಡು ಒಲೆಯ ಪಕ್ಕದಲ್ಲೇ ಹರಟೆ ಹೊಡೆಯುತ್ತಿದ್ದಳು.

ಹೊತ್ತು ಒಂದು ಮಾರು ಏರಿರಲಿಕ್ಕಿಲ್ಲ, ತಾಜಬೀ ಹಿತ್ತಲಿನಿಂದ ಬಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಹಂಪವ್ವಾ, ಶುಭ ಕೆಲಸದಾಗ ಹೇಳಬಾರದು. ಒಂದ್ ಕ್ಷಣ ಬಾ. ನಮ್ಮ ಆಡು ಕಂದು ಹಾಕೈತಿ."

ಹಂಪವ್ವ ಹೋಗಿ ನೋಡಿದಳು. ಆಡು ಗೋಡೆಗೊರಗಿ ಮಲಗಿತ್ತು. ಬಾಯಲ್ಲಿ ನೊರೆ, ಕಾಲು ನಡುಗುತ್ತಿದ್ದವು. ಪಕ್ಕದಲ್ಲಿ ಗೋಣಿತಾಟಿನ ಕೆಳಗೆ ದಿನ ತುಂಬದೆ ಬಿದ್ದ ಮರಿಗಳ ಎರಡು ಪುಟ್ಟ ಗುಡ್ಡೆ. ಒಂದರ ಗೊರಸು ಹೊರಗೆ ಕಾಣುತ್ತಿತ್ತು, ಹಸುಗೂಸಿನ ಉಗುರಿನಷ್ಟು ಮೆತ್ತಗೆ. ಬುಟ್ಟಿಯ ತಳದಲ್ಲಿ ಗುಲಾಬಿ ಹೊಟ್ಟು ಇನ್ನೂ ಉಳಿದಿತ್ತು.

"ಬ್ಯಾರೆ ಏನೂ ಹಾಕಿಲ್ಲಬೇ, ನೀ ಕೊಟ್ಟ ಹೊಟ್ಟು ಬಿಟ್ರ. ಯಾರ ಕಣ್ಣು ಬಿತ್ತೋ ಏನೋ" ಎಂದು ತಾಜಬೀ ಅತ್ತಳು. ಅವಳ ಮಾತಿನಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಹಂಪವ್ವ ತಂದದ್ದೆಂದರೆ ಎರಡು ಮಾತಿಲ್ಲವಲ್ಲ.

"ಚಳಿಗೆ ಆಗಿರ್ತೈತಿ" ಎಂದು ಹಂಪವ್ವ ಹೇಗೋ ಹೇಳಿದಳು. ಬುಟ್ಟಿಯಲ್ಲಿದ್ದ ಹೊಟ್ಟನ್ನು ಮೆಲ್ಲಗೆ ಸೆರಗಿಗೆ ಸುರಿದುಕೊಂಡು, ತಿಪ್ಪೆಗೆ ಒಯ್ದು ಮಣ್ಣು ಎಳೆದಳು. ಬಹಳ ಹೊತ್ತು ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತಿದ್ದಳು.

ಮನೆಗೆ ಬಂದಾಗ ಹೋಳಿಗೆ ಮೂರು ಬುಟ್ಟಿ ತುಂಬಿತ್ತು. ಎಲ್ಲ ಸುರಿದುಬಿಡಬೇಕು ಎಂದು ಒಂದು ಮನಸ್ಸು ಹೇಳಿತು. ಸುರಿದರೆ ಯಾಕೆಂದು ಹೇಳಬೇಕು. ಹೇಳಿದರೆ ರೇಣುಕಾ ಬದುಕಿಡೀ ಅತ್ತೆಯ ಬಾಯಲ್ಲಿ ಆ ಮಾತು ಕೇಳಬೇಕು. ಆಡಿನ ಜಾತಿ ಬೇರೆ, ಅದು ತಿಂದದ್ದು ಹೊಟ್ಟು, ಇದು ಬೇಳೆ, ನಾನು ತಿಂದು ನೋಡಿಲ್ಲವೇ ಎಂದು ಇನ್ನೊಂದು ಮನಸ್ಸು. ಹೀಗೆ ತನ್ನ ಜೊತೆಗೇ ಚೌಕಾಸಿ ಮಾಡುತ್ತ ಅವಳು ನಿಂತಿರುವಾಗ ಬಾಗಿಲಲ್ಲಿ ಟೆಂಪೋ ಬಂದು ನಿಂತಿತು. ಅನುಸೂಯಾ ಇಳಿದಳು, ಹಿಂದೆ ಹಣ್ಣಿನ ಬುಟ್ಟಿ, ಹೂವು, ನಗು.

ರೇಣುಕಾಳನ್ನು ಕುರ್ಚಿಯ ಮೇಲೆ ಕೂಡಿಸಿದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ಹಣೆಯ ಮೇಲೆ ಬೆವರು ಮೂಡಿತ್ತು. ಬಸುರಿಗೆ ಸೆಕೆ ಹೆಚ್ಚು ಎಂದು ಯಾರೋ ಬೀಸಣಿಗೆ ಬೀಸಿದರು. ಅನುಸೂಯಾ ಬುಟ್ಟಿಗಳನ್ನು ನೋಡಿ ಹುಬ್ಬೇರಿಸಿ, "ಅಡ್ಡಿಯಿಲ್ಲ ಬೀಗತಿ, ಕೈ ಬಿಚ್ಚಿ ಮಾಡೀರಿ" ಎಂದಳು. ಈ ಒಂದು ಮಾತಿಗಾಗಿ ಹಂಪವ್ವ ತಿಂಗಳುಗಟ್ಟಲೆ ಕಾದಿದ್ದಳು. ಈಗ ಅದು ಕಿವಿಗೆ ಬಿದ್ದಾಗ ಅವಳು ಬುಟ್ಟಿಗಳಿಗೆ ಬೆನ್ನು ಮಾಡಿ ನಿಂತಳು.

ಮೊದಲ ತುತ್ತು ಹೆತ್ತವಳದು. ಯಾರೋ ಹಂಪವ್ವನ ಕೈಗೆ ತುಪ್ಪ ಸುರಿದ ಹೋಳಿಗೆ ಕೊಟ್ಟರು. ಹೆಂಗಸರು ಸೋಬಾನೆ ಎತ್ತಿದರು, ಕಣ್ಣೊರೆಸಿಕೊಂಡು ಬಂದಿದ್ದ ತಾಜಬೀಯೂ. ಅವಳು ಒಂದು ಚೂರು ಮುರಿದಳು. ರೇಣುಕಾ ಮುಖವೆತ್ತಿ ಬಾಯಿ ತೆರೆದಳು, ಚಿಕ್ಕವಳಿದ್ದಾಗ ತೆರೆಯುತ್ತಿದ್ದ ಹಾಗೆಯೇ. ಹಂಪವ್ವನ ಕೈ ಅರ್ಧ ದಾರಿಗೆ ಹೋಗಿ ನಿಂತಿತು. ಗೋಣಿತಾಟಿನ ಕೆಳಗಿನ ಆ ಗೊರಸು ಕಣ್ಣಿಗೆ ಕಟ್ಟಿತು. ಸೋಬಾನೆ ಒಂದೊಂದೇ ದನಿಯಾಗಿ ನಿಂತಿತು.

"ತಿನ್ನಿಸ್ರಿ, ಯಾಕ ನಿಂತ್ರಿ?" ಎಂದಳು ಅನುಸೂಯಾ.

ಹಂಪವ್ವ ಆ ಚೂರನ್ನು ಮುಷ್ಟಿಯಲ್ಲಿ ಹಿಚುಕಿದಳು.

"ಯಾರೂ ತಿನ್ನಬ್ಯಾಡ್ರಿ" ಎಂದಳು. "ಇದು ಔಷಧ ಹಚ್ಚಿದ ಬಿತ್ತನಿ ಕಡ್ಲಿದು. ಅಗ್ಗಕ್ಕ ಸಿಕ್ತಂತ ತಂದೆ. ತೊಳದ್ರ ಹೋಗ್ತೈತಿ ಅಂತ ತಿಳದಿದ್ದೆ. ತಾಜಬೀ, ನಿನ್ನ ಆಡು ಕಂದು ಹಾಕಿದ್ದೂ ಇದರಿಂದನ. ಗೊತ್ತಿದ್ದೂ ಸುಮ್ಮನಿದ್ದೆ."

ಅನುಸೂಯಾ ಎದ್ದು ನಿಂತಳು. "ಗೊತ್ತಿದ್ದು ತಂದ್ರ್ಯಾ? ಬಸರಿ ಮಗಳ ಬಾಯಿಗೆ ಇಡಾಕ?"

ಹಂಪವ್ವನ ಮೂವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಮಣ್ಣುಪಾಲಾಗಿತ್ತು. ಓಣಿಯ ಹೆಂಗಸರು ತಲೆ ತಗ್ಗಿಸಿದ್ದರು. ಆದರೆ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಹೋದದ್ದು ಹೆಸರು ತಾನೇ, ಹೋಗಲಿ, ಮಗಳು ಉಳಿದಳು ಎಂದು ಅವಳು ದೊಡ್ಡ ಉಸಿರೊಂದನ್ನು ಬಿಟ್ಟಳು. ಕಣ್ಣಲ್ಲಿ ನೀರು ಬಂತು.

ರೇಣುಕಾ ತಾಯಿಯ ಮುಂಗೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

"ಅವ್ವಾ" ಎಂದಳು ಮೆಲ್ಲಗೆ. "ಮುಂಜಾನಿ ನೀ ತಾಜಬೀ ಮನಿಗೆ ಹೋದಾಗ ತಡಕೊಳ್ಳಾಕ ಆಗಲಿಲ್ಲ. ಬಸರಿ ನಾನ ಅಲ್ಲೇನು, ಮೊದಲ ತುತ್ತು ನಂದ ಅಂತ ಹಂಚಿನ ಮ್ಯಾಲಿಂದ ಬಿಸಿಬಿಸಿ ನಾಕು ತಿಂದೆ."

ರೇಣುಕಾಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

"ದಿನಾ ಈ ಹೊತ್ತಿಗೆ ಒದ್ದು ಒದ್ದು ಜೀವಾ ತಿಂತಿತ್ತು. ಆಗಿಂದ ಮಿಸುಕವಲ್ದಬೇ."

ತಾಜಬೀ ಆಟೋ ಕರೆಯಲು ಬರಿಗಾಲಲ್ಲೇ ಓಡಿದಳು. ಹಂಪವ್ವ ಮಗಳ ಮುಂದೆ ಮಂಡಿಯೂರಿ, ತುಪ್ಪ ಹತ್ತಿದ ಕೈಯನ್ನು ಹಸಿರು ಸೀರೆಯ ಮೇಲಿಟ್ಟು, ಒಳಗಿನಿಂದ ಒಂದೇ ಒಂದು ಒದೆತಕ್ಕಾಗಿ ಕಾದಳು.