ಆಟೋ ಮೈಕಿನಲ್ಲಿ ನಾನು ಹೇಳಿದ ಮಾತು

ಗೆದ್ದಳು! ನನ್ನ ಮೊಮ್ಮಗಳು ಗೆದ್ದಳು! ನಿನ್ನೆ ಬಳ್ಳಾರಿಯಲ್ಲಿ ನಡೆದ ಹೆಣ್ಣುಮಕ್ಕಳ ಕಬಡ್ಡಿ ಫೈನಲಿನಲ್ಲಿ ನಮ್ಮ ಸಿರುಗುಪ್ಪದ ತಂಡ ಕುರುಗೋಡಿನವರನ್ನು ಎರಡು ಅಂಕದಿಂದ ಸೋಲಿಸಿತು. ಆ ಕೊನೆಯ ಎರಡೂ ಅಂಕ ತಂದವಳು ನನ್ನ ಮಗಳ ಮಗಳು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ, ಇವತ್ತಿಗೂ ಬಿಟ್ಟಿಲ್ಲ. ಬಾಯಲ್ಲಿ ಹೇಳಲಾಗದ್ದಕ್ಕೇ ಬರೆಯಲು ಕೂತಿದ್ದೇನೆ.

ಹೋದ ವಾರದ ಸಂಗತಿ ಹೇಳದೆ ಈ ಗೆಲುವಿನ ರುಚಿ ತಿಳಿಯುವುದಿಲ್ಲ. ಭಾನುವಾರ ಕುರುಗೋಡಿನಲ್ಲಿ ಇದೇ ಕುರುಗೋಡಿನವರ ಜೊತೆ ಪಂದ್ಯವಿತ್ತು. ಅದಕ್ಕೂ ಮೊದಲಿನ ಪಂದ್ಯಗಳನ್ನು ಗೆದ್ದು ನಮ್ಮವರು ಫೈನಲ್ ಖಾತ್ರಿ ಮಾಡಿಕೊಂಡಿದ್ದರು. ಅಲ್ಲಿ ಸೋತರೂ ಹೋಗುವುದು ಏನೂ ಇರಲಿಲ್ಲ. ಆದರೆ ಹಿಂದಿನ ಪಂದ್ಯದಲ್ಲಿ ನಾಲ್ಕು ಹುಡುಗಿಯರು ಮೈಮೇಲೆ ಬಿದ್ದು ಮೊಮ್ಮಗಳ ಬಲ ಮೊಣಕಾಲು ಬೆಲ್ಲದ ಉಂಡೆಯಂತೆ ಊದಿತ್ತು. ಒಂದು ವಾರ ಕಾಲಿಗೆ ಕೆಲಸ ಕೊಡದಿದ್ದರೆ ಫೈನಲ್ ಆಡಬಹುದು, ಆಡಿಸಿದಿರೋ ಈ ವರ್ಷ ಕಬಡ್ಡಿ ಮರೆಯಿರಿ ಎಂದರು ಡಾಕ್ಟರು.

ಆಡಿಸಬಾರದು ಅನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಜಗಳ ಎದ್ದದ್ದು ಅದನ್ನು ಮೊದಲೇ ಹೇಳಬೇಕೋ ಬೇಡವೋ ಎಂದು. ತಂಡ ಕಟ್ಟಿ ನಡೆಸುವವನು ನನ್ನ ಕಿರಿಯ ಮಗ, ಅವಳ ಸೋದರಮಾವ.

"ಯಾರಿಗೂ ಬಾಯಿ ಬಿಡಬ್ಯಾಡ್ರಿ," ಅಂದ. "ಡ್ರೆಸ್ ಹಾಕಿಸಿ ಬೆಂಚಿನ ಮ್ಯಾಲೆ ಕುಂದ್ರಸ್ತೀನಿ. ಈಗ ಬರ್ತಾಳ, ಆಗ ಬರ್ತಾಳ ಅನ್ಕೊಂತ ಆಟ ಮುಗೀತೈತಿ. ಕುರುಗೋಡಿನೋರ ಎದಿ ಡವಡವ ಅನ್ನಲಿ."

"ಮತ್ತ ಇಕಿನ್ನ ನೋಡಾಕಂತಾನ ಬರೋ ಮಂದಿ?" ಅಂದೆ ನಾನು.

"ಬಂದ ಮ್ಯಾಲೆ ಆಟ ನೋಡ್ತಾರ ಬಿಡವ್ವ. ದೊಡ್ಡ ದೊಡ್ಡ ಕ್ರಿಕೆಟ್ ಟೀಮಿನೋರೂ ಟಾಸ್ ಆಗೋತನಕ ಹೇಳಂಗಿಲ್ಲ."

ಅವನ ಲೆಕ್ಕಾಚಾರ ಆಟದ ಲೆಕ್ಕಾಚಾರ, ತಪ್ಪು ಅನ್ನಲಾರೆ. ಆದರೆ ಬರುವವರು ಯಾರೆಂದು ನನಗೆ ಗೊತ್ತು. ರೂಪನಗುಡಿಯ ನನ್ನ ತಂಗಿ ಸೊಂಟನೋವು ಕಟ್ಟಿಕೊಂಡು, ಮೆಣಸಿನಕಾಯಿ ಬಿಡಿಸುವ ಹೆಂಗಸರನ್ನೆಲ್ಲ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಬರುವವಳಿದ್ದಳು. ಅವರಿಗೆ ಬೆಂಚು ತೋರಿಸಿ ಕಳಿಸುವುದೆ?

ಅಷ್ಟರಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದ ಮೊಮ್ಮಗಳು ಅಂದಳು: "ಮಾವ, ಜನ ನನ್ನ ಹೆಸರು ಹಿಡಿದು ಕೂಗಿದ್ರ ನಾ ಕುಂದ್ರಾಕಿ ಅಲ್ಲ. ಎದ್ದು ರೈಡ್ ಹೋಗೇಬಿಡ್ತೀನಿ, ನೋಡಕೋ."

ಅವಳು ಹಾಗೇ ಮಾಡುವವಳು.

ನಮ್ಮ ಕಡೆ ಪಂದ್ಯದ ಹಿಂದಿನ ದಿನ ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರುತ್ತಾರೆ, ಒಂದು ಸಲ ಕನ್ನಡದಲ್ಲಿ, ಒಂದು ಸಲ ತೆಲುಗಿನಲ್ಲಿ. ಶನಿವಾರ ಬೆಳಿಗ್ಗೆ ಆ ಆಟೋ "ಸಿರುಗುಪ್ಪದ ಹೆಣ್ಣುಹುಲಿ ನಾಳೆ ಕುರುಗೋಡಿನಲ್ಲಿ" ಎಂದು ಕೂಗುತ್ತ ನಮ್ಮ ಬಾಗಿಲಿಗೇ ಬಂತು. ನಾನು ಸೆರಗು ಸಿಕ್ಕಿಸಿ ಹತ್ತಿ ಕೂತೆ.

"ಆಕಿ ಆಡಂಗಿಲ್ಲಂತ ಹೇಳಪ."

"ಅಜ್ಜೀ, ನಿಮ್ಮ ಮಗ ನನ್ನ ಚರ್ಮ ಸುಲೀತಾನ!"

"ಮೊದಲು ನಂದು ಸುಲೀಲಿ. ಸುಕ್ಕಾದ ಚರ್ಮ, ಲಗೂನ ಬರಂಗಿಲ್ಲ. ತಾ ಇಲ್ಲಿ ಮೈಕು."

ಕಸಿದುಕೊಂಡು ಹೇಳಿಯೇಬಿಟ್ಟೆ: "ನಮ್ಮ ಹುಡುಗಿ ಮೊಣಕಾಲು ಬಾತೈತಿ. ನಾಳೆ ಆಡಂಗಿಲ್ಲ. ಬಳ್ಳಾರಿ ಫೈನಲ್‌ದಾಗ ಆಡ್ತಾಳ. ಬರೋರು ತಿಳಕೊಂಡು ಬರ್ರಿ!" ತೆಲುಗಿನದನ್ನು ಡ್ರೈವರನೇ ಹೇಳಿದ. ಮೂರನೇ ಓಣಿ ದಾಟುವಷ್ಟರಲ್ಲಿ ಯಾರೋ ವಿಡಿಯೋ ಮಾಡಿದ್ದರು. ಮಧ್ಯಾಹ್ನಕ್ಕೆ ಅದು ಕುರುಗೋಡು ಮುಟ್ಟಿತ್ತು.

"ಅವ್ವಾ, ನೀ ನಮ್ಮ ಟೀಮಿನಾಕಿನೋ, ಕುರುಗೋಡು ಟೀಮಿನಾಕಿನೋ?" ಅಂದ ಮಗ. ಮರುದಿನ ಬಂದ ಜನ ಅರ್ಧಕ್ಕರ್ಧ. ನಮ್ಮವರು ಒಂಬತ್ತು ಅಂಕದಿಂದ ಸೋತರು. ಮೊಮ್ಮಗಳು ಚೂಡಿದಾರ ಹಾಕಿಕೊಂಡು, ಕಾಲನ್ನು ಕುರ್ಚಿಯ ಮೇಲಿಟ್ಟು, ತನ್ನ ಜಾಗದಲ್ಲಿ ಆಡಿದ ಹೊಸ ಹುಡುಗಿಗೆ ಚಪ್ಪಾಳೆ ತಟ್ಟುತ್ತ ಕೂತಿದ್ದಳು. ಅವಳ ಹೆಸರನ್ನು ಒಬ್ಬರೂ ಕೂಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮಗ ಮುಖ ತಿರುಗಿಸಿಕೊಂಡೇ ಇದ್ದ. "ನಿನ್ನ ಬಾಯಿಂದ ಸೋತ್ವಿ" ಎಂದದ್ದೊಂದೇ. ಆಮೇಲೆ ಐದು ದಿನ ಮಾತಿಲ್ಲ. ಕಾಲು ವಾಸಿಯಾಗದಿದ್ದರೆ ಇವನ ಮುಖ ಹೇಗೆ ನೋಡಲಿ ಎಂದು ದಿನಾ ಬೆಳಿಗ್ಗೆ ಎದ್ದವಳೇ ಅವಳ ಮೊಣಕಾಲನ್ನು ಮುಟ್ಟಿ ನೋಡುತ್ತಿದ್ದೆ.

ಬುಧವಾರ ಊತ ಇಳಿಯಿತು. ಶುಕ್ರವಾರ ಡಾಕ್ಟರು ಹೂಂ ಅಂದರು. ಅದೇ ಆಟೋ ಮತ್ತೆ ಹೊರಟಿತು: "ನಾಳೆ ಆಡ್ತಾಳ!" ಚಹಾದಂಗಡಿಯವನು ಡ್ರೈವರನನ್ನು ತಡೆದು, "ಆ ಅಜ್ಜಿ ಹೇಳಿದ ಮೈಕ ಅಲ್ಲೇನು ಇದು? ಹಂಗಾರ ಖರೇನ ಇರ್ತೈತಿ, ನಡೀರಿ" ಅಂದನಂತೆ. ನಂಬಿದರು! ಸಿರುಗುಪ್ಪದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ತಂಗಿ ಒಂದಲ್ಲ, ಎರಡು ಟಂಟಂ ತಂದಳು.

ಕೊನೆಯ ರೈಡ್. ಅಂಕ ಸಮ. ನನ್ನ ಹುಡುಗಿ ಒಳಗೆ ಹೋದಳು. ಮೂಲೆಯಲ್ಲಿದ್ದ ಒಬ್ಬಳನ್ನು ಮುಟ್ಟಿದಳು. ತಿರುಗುವಷ್ಟರಲ್ಲಿ ಇನ್ನೊಬ್ಬಳು ಎಡಗಾಲನ್ನು ಕಚ್ಚಿ ಹಿಡಿದಳು. ಉಳಿದದ್ದು ಬಲಗಾಲು, ಅದೇ ಮೊಣಕಾಲು. ಅದನ್ನೇ ನೆಲಕ್ಕೆ ಒತ್ತಿ, ಹಿಡಿದವಳನ್ನು ಎಳೆದುಕೊಂಡೇ ಉದ್ದಕ್ಕೆ ಬಿದ್ದಳು. ಬೆರಳ ತುದಿ ನಡುಗೆರೆ ಮುಟ್ಟಿತು. ಸೀಟಿ! ಎರಡು ಅಂಕ! ನಮ್ಮ ಮಂದಿ ಕುಣಿದು ಎಬ್ಬಿಸಿದ ಧೂಳಿನಲ್ಲಿ ನನಗೆ ಅವಳೇ ಕಾಣಲಿಲ್ಲ. ಧೂಳಿನೊಳಗಿಂದ ಬಂದ ಮಗ ನನ್ನನ್ನು ಸೊಂಟ ಹಿಡಿದು ಎತ್ತಿಬಿಟ್ಟ. "ಇಳಸಲೇ, ಮುದುಕಿ ಅದೀನಿ!" ಅಂದರೂ ಕೇಳಲಿಲ್ಲ.

ಸಂಜೆ ಎಲ್ಲರೂ ಬಳ್ಳಾರಿಯ ಗಾಂಧಿನಗರದಲ್ಲಿರುವ ನನ್ನ ಹಿರಿಯ ಮಗನ ಮನೆಯಲ್ಲಿ ಊಟಕ್ಕೆ ಕೂತೆವು. ಉಗ್ಗಾಣಿ, ಬಜ್ಜಿ, ಶೇಂಗಾ ಹೋಳಿಗೆ. ಮೊಮ್ಮಗಳು ಪಡಸಾಲೆಯ ನಡುವೆ ಕಾಲು ಚಾಚಿ ಕೂತಿದ್ದರಿಂದ, ಆ ಕಾಲನ್ನು ದಾಟಬಾರದೆಂದು ಸೊಸೆ ಅಡಿಗೆಮನೆಯ ಇನ್ನೊಂದು ಬಾಗಿಲಿನಿಂದ ಸುತ್ತಿ ಬಂದು ಬಡಿಸುತ್ತಿದ್ದಳು.

"ಆದ್ರ ಅವ್ವ, ಕುರುಗೋಡಿನ ಆಟಾನ ಫೈನಲ್ ಆಗಿದ್ರ ನೀ ಹೇಳ್ತಿದ್ದಿಲ್ಲ ಮತ್ತ!" ಎಂದು ಕಿರಿಯವನು ಮತ್ತೆ ಶುರು ಮಾಡಿದ.

"ಹೇಳ್ತಿದ್ದೆ," ಅಂದೆ, ಒಡೆದ ಗಂಟಲಲ್ಲಿ.

"ನೋಡ್ರಿ, ನೋಡ್ರಿ ಇಕಿನ್ನ!" ಎಂದು ಅವನು ಎಲ್ಲರ ಕಡೆ ಕೈ ತೋರಿಸುತ್ತಲೇ ನನ್ನ ತಟ್ಟೆಯ ಬಜ್ಜಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ. ಗಂಟಲಿಗೆ ಆಗುವುದಿಲ್ಲವಂತೆ. ಬದಲಿಗೆ ತನ್ನ ಹೋಳಿಗೆಯನ್ನು ನನಗಿಟ್ಟು, ಮೇಲೆ ತುಪ್ಪ ಸುರಿದ. ಮನೆಯೆಲ್ಲ ನಕ್ಕಿತು. ನಾವು ಉಂಡೆವು.